ಟೈಲ್ಸ್ ಲಾರಿಗೂ ಅಲಾರಂ ಬಡಿಯುತ್ತದೆ

ಮಂಜೇಶ್ವರದಿಂದ ಟೈಲ್ಸ್ ಹೇರಿಕೊಂಡು ಹೋದ ನಿಮ್ಮ ಲಾರಿಗೆ ಬಂದರಿನ ಗೇಟಿನಲ್ಲಿ ವಿಕಿರಣದ ಅಲಾರಂ ಬಡಿಯಿತು, ಯಂತ್ರ ಕೆಟ್ಟಿದೆಯಾ ಅಂತ ಕೇಳಿದ್ದೀರಿ ಅಲ್ವಾ? ಕೆಟ್ಟಿರಲಿಕ್ಕಿಲ್ಲ ಮಾರಾಯ್ರೇ.

ವಿಕಿರಣ ಎಲ್ಲ ಕಡೆ ಸ್ವಲ್ಪ ಇದ್ದೇ ಇರುತ್ತದೆ, ಅದೂ ಒಂದೇ ಸಮ ಬರುವುದಿಲ್ಲ. ಉಪ್ಪಳದ ನಮ್ಮ ಮನೆ ಜಗಲಿಯಲ್ಲಿ ಒಮ್ಮೆ ಸಣ್ಣ ಗೈಗರ್ ಮೀಟರ್ (ವಿಕಿರಣ ತಾಗಿದಾಗೆಲ್ಲ ಟಿಕ್ ಅನ್ನುವ ಯಂತ್ರ) ಇಟ್ಟು ಕೂತಿದ್ದೆ. ಒಂದು ನಿಮಿಷ 18 ಟಿಕ್, ಮರುನಿಮಿಷ 25, ಆಮೇಲೆ 21. ಸುಮ್ನೆ ಏರಿಳಿತ, ಅಷ್ಟೇ. ಈ ಏರಿಳಿತ ಸುಮಾರು ಟಿಕ್‌ಗಳ ಎಣಿಕೆಯ ವರ್ಗಮೂಲದಷ್ಟು ಇರುತ್ತದೆ. ಗೇಟಿನ ಯಂತ್ರದಲ್ಲಿ ಸರಾಸರಿ 400 ಎಣಿಕೆ ಬರುತ್ತದೆ ಅಂತಿಟ್ಟುಕೊಳ್ಳಿ, 20 ಹೆಚ್ಚುಕಮ್ಮಿ ಮಾಮೂಲು. ಅದೇ 500 ದಾಟಿದರೆ ಅದು ಬರೀ ಆಕಸ್ಮಿಕ ಆಗುವ ಸಾಧ್ಯತೆ 10 ಲಕ್ಷಕ್ಕೆ ಒಂದರ ಆಸುಪಾಸು. ಹಾಗಾಗಿ ಅಲಾರಂ ನಿಜ, ಮಾಲು ಮಾತ್ರ ನಿರಪರಾಧಿ, ಯಾಕೆಂದರೆ ಟೈಲ್ಸಿನ ಮಣ್ಣಿನಲ್ಲೇ ಪೊಟ್ಯಾಸಿಯಂ-40, ಥೋರಿಯಂ ಎಂಬ ವಿಕಿರಣ ಸೂಸುವ ವಸ್ತುಗಳು ಸ್ವಲ್ಪ ಇರುತ್ತವೆ. ಬಾಳೆಹಣ್ಣಿನಲ್ಲೂ ಪೊಟ್ಯಾಸಿಯಂ ಇದೆ!

ಯಾರಾದರೂ ಅಡಗಿಸಿಟ್ಟ ವಿಕಿರಣ ವಸ್ತುವನ್ನು ಇದರಿಂದ ಬೇರೆ ಗುರುತಿಸುವುದು ಹೇಗೆ? ಟೈಲ್ಸ್ ಆದರೆ ಲಾರಿಯ ಉದ್ದಕ್ಕೂ ಎಣಿಕೆ ಏರಿರುತ್ತದೆ, ಬಚ್ಚಿಟ್ಟ ವಸ್ತು ಇದ್ದರೆ ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಚೂಪಾಗಿ ಏಳುತ್ತದೆ. ಆಮೇಲೆ ಕಿರಣದ ಶಕ್ತಿ ನೋಡುತ್ತಾರೆ: ಪೊಟ್ಯಾಸಿಯಂ-40 ಆದರೆ 1460 ಕೆಇವಿ (ಕಿರಣದ ಶಕ್ತಿಯ ಅಳತೆ), ಕಾರ್ಖಾನೆ, ಆಸ್ಪತ್ರೆಗಳಲ್ಲಿ ಬಳಸುವ ಸೀಸಿಯಂ-137 ಆದರೆ 662. ಈ ತಪಾಸಣೆ ಕಿರಿಕಿರಿ ಅನಿಸಬಹುದು, ಆದರೆ 2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ ಗುಜರಿಗೆ ಬಂದ ಕೋಬಾಲ್ಟ್-60 ಎಂಬ ವಿಕಿರಣ ವಸ್ತು ಒಬ್ಬರ ಜೀವ ತೆಗೆದಿತ್ತು.

ಮುಂದಿನ ಸಲ ಬಿಲ್ಲಿನಲ್ಲಿ ಮಾಲು ಏನೆಂದು ಸರಿಯಾಗಿ ಬರೆಸಿ. ಡ್ರೈವರಿಗೆ ಗೇಟಿನಲ್ಲಿ ನಿಧಾನ ಹೋಗಲು ಹೇಳಿ. ಜೋರಾಗಿ ಹೋದರೆ ಎಣಿಕೆ ಸಾಲದೆ ಮತ್ತೆ ತಿರುಗಿಸಿ ಕರೆದಾರು.