ಸೇಂಟ್ ಆಂಡ್ರ್ಯೂಸ್‌ನಲ್ಲಿ ಮೂರು ದಿನದ ಗಾಲ್ಫ್: ಓಲ್ಡ್ ಕೋರ್ಸ್ ಬುಕ್ ಆಗಿಲ್ಲ, ಆದರೂ ಹೋಗಬಹುದೇ?

ಧಾರಾಳವಾಗಿ ಹೋಗಬಹುದು. ಬೆಂಗಳೂರಿನಿಂದ ಇಬ್ಬರು, ಹ್ಯಾಂಡಿಕ್ಯಾಪ್ (ಆಟದ ಮಟ್ಟ ಹೇಳುವ ಅಂಕಿ, ಕಡಿಮೆಯಾದಷ್ಟೂ ಒಳ್ಳೆಯದು) 18 ಮತ್ತು 22, ಜೂನ್‌ನಲ್ಲಿ ಎಡಿನ್‌ಬರೋದಿಂದ ಮೂರು ದಿನ ಬಿಡುವು ಅಂದಿದ್ದೀರಿ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಊರಿನ ಹೆಸರಾಂತ ಗಾಲ್ಫ್ ಮೈದಾನ ಓಲ್ಡ್ ಕೋರ್ಸ್ ಸಿಕ್ಕರೆ ಲಾಭ, ಸಿಗದಿದ್ದರೂ ಪ್ರವಾಸ ಕೆಡಬಾರದು, ಹಾಗೆ ಪ್ಲ್ಯಾನ್ ಮಾಡಿ. ಅಂದರೆ ಉಳಿದ ಕೋರ್ಸ್‌ಗಳನ್ನು ಈಗಲೇ ಬುಕ್ ಮಾಡಿ, ಓಲ್ಡ್ ಕೋರ್ಸನ್ನು ಬ್ಯಾಲೆಟ್‌ಗೆ ಬಿಡಿ.

ಬ್ಯಾಲೆಟ್ ಅಂದರೆ ದಿನವೂ ಎತ್ತುವ ಚೀಟಿ. ಆಡುವ ದಿನಕ್ಕೆ ಎರಡು ದಿನ ಮೊದಲು, ಮಧ್ಯಾಹ್ನ 2ರೊಳಗೆ ಅಲ್ಲಿನ ಕೋರ್ಸ್‌ಗಳನ್ನು ನಡೆಸುವ ಸೇಂಟ್ ಆಂಡ್ರ್ಯೂಸ್ ಲಿಂಕ್ಸ್‌ನ ಜಾಲತಾಣದಲ್ಲಿ ಹೆಸರು ಕೊಡಬೇಕು; ಅದೇ ಸಂಜೆ ಫಲಿತಾಂಶ. ಕನಿಷ್ಠ ಇಬ್ಬರು, ಗರಿಷ್ಠ ನಾಲ್ವರು. ಇಬ್ಬರೇ ಇದ್ದರೆ ನಿಮ್ಮ ಜೊತೆ ಇನ್ನಿಬ್ಬರನ್ನು ಸೇರಿಸಬಹುದು, ಅದಕ್ಕೆ ಸಿದ್ಧರಿರಿ. ಸೋಮವಾರ ಆಡಬೇಕೆಂದರೆ ಶನಿವಾರವೇ ಹೆಸರು ಕೊಡಬೇಕು. ಊರು ತಲುಪಿದ ಮೇಲೆ ನೋಡೋಣ ಅನ್ನುವವರು ಎಡವುವುದು ಇಲ್ಲೇ: ಅಷ್ಟರಲ್ಲಿ ಎರಡು ಅವಕಾಶ ಕೈತಪ್ಪಿರುತ್ತವೆ. ಎಡಿನ್‌ಬರೋದಲ್ಲಿ ಇರುವಾಗಲೇ ಮೊಬೈಲ್‌ನಿಂದ ಶುರು ಮಾಡಿ, ಸೋಮ, ಮಂಗಳ, ಬುಧ ಮೂರಕ್ಕೂ ದಿನದಿನವೂ ಹಾಕಿ. ಚೀಟಿ ಬರದಿದ್ದರೆ ಒಬ್ಬೊಬ್ಬರಾಗಿ ಆಡುವವರಿಗೆ ಬೇರೆಯದೇ ಡ್ರಾ ಇದೆ. ಹಿಂದಿನ ದಿನ ಅಲ್ಲಿಗೇ ಹೋಗಿ ಹೆಸರು ಬರೆಸಬೇಕು.

ನಿಮ್ಮ ಕ್ಲಬ್ಬಿನಿಂದ ಹ್ಯಾಂಡಿಕ್ಯಾಪ್ ಸರ್ಟಿಫಿಕೇಟ್ ಹೊಸ ತಾರೀಖಿನದ್ದು ತೆಗೆದು ಪ್ರಿಂಟ್ ಇಟ್ಟುಕೊಳ್ಳಿ. ಮಿತಿ 36, ನಿಮಗೆ ತೊಂದರೆ ಇಲ್ಲ. ಬೇಸಿಗೆಯಲ್ಲಿ ಶುಲ್ಕ ತಲೆಗೆ 300 ಪೌಂಡ್ ಮೀರುತ್ತದೆ, ಆ ವರ್ಷದ ದರ ಅವರ ಜಾಲತಾಣದಲ್ಲೇ ನೋಡಿ. 2027ರಲ್ಲಾದರೆ ಗಾಲ್ಫ್‌ನ ದೊಡ್ಡ ಪಂದ್ಯಾವಳಿ ಓಪನ್ ಚಾಂಪಿಯನ್‌ಶಿಪ್ ಅಲ್ಲೇ ನಡೆಯುವುದರಿಂದ ಬೇಸಿಗೆಯಲ್ಲಿ ಕೋರ್ಸ್ ಎಂದಿನಿಂದ ಎಂದಿನವರೆಗೆ ಮುಚ್ಚಿರುತ್ತದೆ ಎಂದು ಮೊದಲೇ ವಿಚಾರಿಸಿ.

ಭಾನುವಾರವೇ ಹೋಗಿ. ಎಡಿನ್‌ಬರೋದಿಂದ ಲೂಕರ್ಸ್ ಸ್ಟೇಷನ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ, ಅಲ್ಲಿಂದ ಬಸ್. ಸೇಂಟ್ ಆಂಡ್ರ್ಯೂಸ್ ಊರೊಳಗೆ ರೈಲಿಲ್ಲ. ಭಾನುವಾರ ಓಲ್ಡ್ ಕೋರ್ಸ್‌ನಲ್ಲಿ ಸಾಮಾನ್ಯವಾಗಿ ಆಟ ಇರುವುದಿಲ್ಲ, ಊರಿನವರು ನಾಯಿ ಹಿಡಿದು ಅಡ್ಡಾಡುತ್ತಾರೆ. ನೀವೂ ಪುಕ್ಕಟೆ ನಡೆದು 14ನೇ ಹೋಲಿನ ಹೆಲ್ ಬಂಕರ್ (ಬಂಕರ್ ಅಂದರೆ ಮರಳಿನ ಗುಂಡಿ), 17ರ ರೋಡ್ ಹೋಲ್ ಎರಡನ್ನೂ ಹತ್ತಿರದಿಂದ ನೋಡಿಕೊಳ್ಳಿ.

ಒಂದು ಮಾತು: ಕಡಲು ನೋಡುವ ಆಸೆ ಇದ್ದರೆ ಅದು ಓಲ್ಡ್ ಕೋರ್ಸ್‌ನಲ್ಲಿ ಅಷ್ಟಾಗಿ ತೀರದು. ಅದಕ್ಕೆ ಊರಿನ ಪೂರ್ವಕ್ಕೆ ಬಂಡೆಯ ಅಂಚಿನಲ್ಲಿರುವ ಕ್ಯಾಸಲ್ ಕೋರ್ಸ್ (2008), ಅಥವಾ ಇನ್ನೂ ಮುಂದೆ ಕ್ರೇಲ್‌ನ ಬಾಲ್ಕೋಮಿ ಲಿಂಕ್ಸ್ (ಲಿಂಕ್ಸ್ ಅಂದರೆ ಕಡಲ ದಂಡೆಯ ಗಾಲ್ಫ್ ಮೈದಾನ). ಕ್ಯಾಸಲ್‌ನ ಗ್ರೀನ್‌ಗಳು (ಗುಳಿ ಇರುವ ನುಣುಪು ಹುಲ್ಲಿನ ಜಾಗ) ಏರಿಳಿತದಿಂದ ತುಂಬಿವೆ, 20ರ ಆಸುಪಾಸಿನ ಹ್ಯಾಂಡಿಕ್ಯಾಪ್‌ಗೆ ಮೂರು ಪಟ್ (ಗ್ರೀನ್ ಮೇಲೆ ಪಟರ್‌ನಿಂದ ಉರುಳಿಸುವ ಹೊಡೆತ) ಮಾಮೂಲು. ನನ್ನ ಆಯ್ಕೆ ಕ್ರೇಲ್. ಇನ್ನೊಂದು ದಿನಕ್ಕೆ ಓಲ್ಡ್ ಕೋರ್ಸ್‌ನ ಪಕ್ಕದಲ್ಲೇ ಇರುವ ನ್ಯೂ ಕೋರ್ಸ್ ಸಾಕು. ಹೆಸರು ನ್ಯೂ, ಶುರುವಾದದ್ದು 1895ರಲ್ಲಿ.

ಬೆಂಗಳೂರಿನವರಿಗೆ ಅಲ್ಲಿ ಮೊದಲು ಕೈಕೊಡುವುದು ದೂರದ ಲೆಕ್ಕ. ನಾವು ಆಡುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ, ತೆಳು ಗಾಳಿಯಲ್ಲಿ. ಕಡಲಮಟ್ಟದಲ್ಲಿ ಚೆಂಡು ಗಾಳಿಯಲ್ಲಿ ಸಾಗುವ ದೂರ ಶೇಕಡಾ 3–4 ಕಡಿಮೆಯಾಗುತ್ತದೆ, ಚಳಿ ಇನ್ನಷ್ಟು ಕದಿಯುತ್ತದೆ. ಗಾಳಿ ಬೀಸದಿದ್ದರೂ ಒಂದು ಕ್ಲಬ್ ಹೆಚ್ಚು, ಅಂದರೆ ಇನ್ನಷ್ಟು ದೂರ ಹೊಡೆಯುವ ಕೋಲು, ತೆಗೆದುಕೊಳ್ಳಿ. ಎದುರುಗಾಳಿಯಲ್ಲಿ ಜೋರಾಗಿ ಹೊಡೆದರೆ ಸ್ಪಿನ್ ಹೆಚ್ಚಿ ಚೆಂಡು ಮೇಲಕ್ಕೇರಿ ಅಲ್ಲೇ ಬೀಳುತ್ತದೆ. ದೊಡ್ಡ ಕ್ಲಬ್, ಅರ್ಧ ಸ್ವಿಂಗ್ ಸಾಕು.

ನೆಲ ಗಟ್ಟಿ, ಹುಲ್ಲು ಗಿಡ್ಡ. ಲಾಬ್ ವೆಜ್ (ಚೆಂಡನ್ನು ಎತ್ತರಕ್ಕೆ ಎತ್ತುವ ಕ್ಲಬ್) ನೆಲಕ್ಕೆ ಬಡಿದು ಪುಟಿದು ಚೆಂಡಿನ ನಡುವಿಗೆ ತಗುಲುತ್ತದೆ, ಚೆಂಡು ಗ್ರೀನ್ ದಾಟಿ ಓಡುತ್ತದೆ. ಗ್ರೀನ್‌ನಿಂದ 30 ಗಜದೊಳಗೆ 8 ಐರನ್‌ನಿಂದ ಉರುಳಿಸಿ, ಇಲ್ಲವೇ ಪಟರ್. ಓಲ್ಡ್ ಕೋರ್ಸ್‌ನಲ್ಲಿ ಟೀಯಿಂದ (ಹೋಲಿನ ಮೊದಲ ಹೊಡೆತದ ಜಾಗ) ಅನುಮಾನ ಬಂದಾಗ ಎಡಕ್ಕೆ ಹೊಡೆಯಿರಿ. ಬಂಕರ್‌ಗಳ ಗೋಡೆ ಹುಲ್ಲುಹೆಂಟೆ ಪೇರಿಸಿ ಕಟ್ಟಿದ್ದು, ಬಹುತೇಕ ನೆಟ್ಟಗೆ. ಗೋಡೆಗೆ ಅಂಟಿಕೊಂಡಿದ್ದರೆ ಪಕ್ಕಕ್ಕೋ ಹಿಂದಕ್ಕೋ ಹೊರಗೆ ಹಾಕಿ.

17ನೇ ಹೋಲನ್ನು ಪಾರ್ 5 (ಐದು ಹೊಡೆತದಲ್ಲಿ ಮುಗಿಸುವ ಹೋಲ್) ಅಂದುಕೊಂಡೇ ಆಡಿ. 495 ಗಜದ ಪಾರ್ 4 ಅದು. ಗ್ರೀನ್‌ನ ಎಡ ಮಗ್ಗುಲಿಗೆ ರೋಡ್ ಬಂಕರ್, ಹಿಂದೆ ಟಾರು ರಸ್ತೆ. ರಸ್ತೆಯ ಮೇಲೆ ಚೆಂಡು ನಿಂತರೆ ಫ್ರೀ ಡ್ರಾಪ್ ಇಲ್ಲ. ಮೂರನೇ ಹೊಡೆತಕ್ಕೆ ಗ್ರೀನ್‌ನ ಮುಂದೆ ಬಲಕ್ಕೆ ತಂದು, ಅಲ್ಲಿಂದ ಪಟರ್‌ನಲ್ಲಿ ಹತ್ತಿಸಿ.

ಓಲ್ಡ್ ಕೋರ್ಸ್‌ನಲ್ಲಿ ಬಗ್ಗಿ, ಅಂದರೆ ಆಟಗಾರರು ಕೂತು ಹೋಗುವ ಗಾಡಿ, ಇಲ್ಲ (ವೈದ್ಯಕೀಯ ಕಾರಣಕ್ಕೆ ಮಾತ್ರ ವಿನಾಯಿತಿ), ಬೇಸಿಗೆಯ ಬೆಳಗಿನಲ್ಲಿ ಎಳೆಯುವ ಟ್ರಾಲಿಗೂ ಬಿಡುವುದಿಲ್ಲ. ಭಾರದ ಟೂರ್ ಬ್ಯಾಗ್ ಮನೆಯಲ್ಲೇ ಬಿಟ್ಟು ಹೆಗಲಿಗೇರುವ ಹಗುರ ಸ್ಟ್ಯಾಂಡ್ ಬ್ಯಾಗ್ ಒಯ್ಯಿರಿ, ಅಥವಾ ಚೀಟಿ ಬಂದ ಸಂಜೆಯೇ ಕ್ಯಾಡಿ (ಬ್ಯಾಗ್ ಹೊರುವ ಸಹಾಯಕ) ಕೇಳಿ. ಜೂನ್ ಅಂತ ನಂಬಬೇಡಿ: ನೀರು ಇಳಿಯದ ಜಾಕೆಟ್, ಪ್ಯಾಂಟು, ಎರಡು ಜೊತೆ ಮಳೆ ಗ್ಲೌಸ್. ಬೆಳಕಂತೂ ರಾತ್ರಿ ಹತ್ತರವರೆಗೂ ಇರುತ್ತದೆ, ಸಂಜೆ ನಾಲ್ಕಕ್ಕೆ ಟೀ ಟೈಮ್ (ಆಟ ಶುರು ಮಾಡುವ ಸಮಯ) ಸಿಕ್ಕರೂ ಬೇಡ ಅನ್ನಬೇಡಿ.