ನಿಜ ಬರೆದರೆ ಸಾಕಲ್ವಾ? ಪತ್ರಕರ್ತನ ಹೊಣೆ ಸಮಾಜಕ್ಕಾ, ಸಂಸ್ಥೆಗಾ?

ಹೊಸದಾಗಿ ವರದಿಗಾರಿಕೆಗೆ ಬಂದಾಗ ನಾನೂ ‘ನಿಜ ಬರೆದರೆ ಸಾಕು’ ಅಂತಲೇ ನಂಬಿದ್ದೆ.

ಕ್ರೈಂ ಬೀಟ್‌ನಲ್ಲಿದ್ದೆ, ಅಂದರೆ ಅಪರಾಧ ಸುದ್ದಿಗಳ ಹೊಣೆ ನನ್ನದು. ಒಂದು ಸಂಜೆ ಠಾಣೆಯಿಂದ ಸುಳಿವು ಸಿಕ್ಕಿತು. ಕಚೇರಿಯೊಂದರಲ್ಲಿ ಹಣ ಕಾಣೆಯಾಗಿದೆ, ಅಲ್ಲಿನ ಲೆಕ್ಕಿಗರೊಬ್ಬರನ್ನು ಕರೆಸಿ ವಿಚಾರಿಸುತ್ತಿದ್ದಾರೆ ಅಂತ. ಹೆಸರು ಹಾಕಿ ಬರೆದೆ. ಮುಖಪುಟದಲ್ಲಿ ಬಂತು. ವಿಚಾರಣೆ ನಿಜ, ಹೆಸರು ನಿಜ, ಹುದ್ದೆ ನಿಜ. ಹಣ ತೆಗೆದವರು ಬೇರೆಯವರು ಅಂತ ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಆ ಲೆಕ್ಕಿಗರ ಕೆಲಸ ಹೋಗಿತ್ತು. ತಪ್ಪು ಅವರದ್ದಲ್ಲ ಅನ್ನುವ ಸುದ್ದಿಗೆ ಒಳಪುಟದಲ್ಲಿ ನಾಲ್ಕು ಸಾಲು ಜಾಗ ಸಿಕ್ಕಿತು.

ಹೆಸರು ಹಾಕಿದ್ದೇ ತಪ್ಪು ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕೂ ಮುಂಚಿನದು ಇನ್ನೊಂದಿದೆ. ನಾನು ಅವರಿಗೆ ಫೋನ್ ಮಾಡಲಿಲ್ಲ. ನಂಬರ್ ಇತ್ತು. ಪುಟ ಮುಗಿಯಲು ಸಮಯವೂ ಇತ್ತು. ಡೆಡ್‌ಲೈನ್ ಅನ್ನುವುದು ಸುಮ್ನೆ ನೆಪ. ಅವರು ಮಾತಾಡಿದರೆ ಸುದ್ದಿ ಸಪ್ಪೆಯಾಗುತ್ತದೆ ಅನ್ನುವ ಭಯ ನನಗೆ. ಅವತ್ತು ಇಡೀ ವಿಭಾಗವನ್ನೇ ವಿಚಾರಣೆಗೆ ಕರೆಸಿದ್ದರು. ಫೋನ್ ಮಾಡಿದ್ದರೆ ಅವರು ಅದನ್ನು ಹೇಳುತ್ತಿದ್ದರು. ಆ ಒಂದು ಸಾಲು ಸೇರಿದ್ದರೆ ಅದು ಮುಖಪುಟಕ್ಕೆ ಹೋಗುವ ಸುದ್ದಿಯೇ ಆಗಿರುತ್ತಿರಲಿಲ್ಲ. ನನಗೋ ಬೈಲೈನ್, ಅಂದರೆ ಸುದ್ದಿಯ ಮೇಲೆ ನನ್ನ ಹೆಸರು, ಬೇಕಿತ್ತು.

ರಿಚರ್ಡ್ ಜ್ಯುವೆಲ್ ಕಥೆ ಓದಿದ್ದು ಆಮೇಲೆ. 1996ರ ಅಟ್ಲಾಂಟಾ ಒಲಿಂಪಿಕ್ಸ್ ವೇಳೆ ಪಾರ್ಕ್‌ನಲ್ಲಿ ಬಾಂಬ್ ಇದ್ದ ಚೀಲ ಗಮನಿಸಿ, ಜನರನ್ನು ದೂರ ಕಳಿಸಿದ ಸೆಕ್ಯುರಿಟಿ ಗಾರ್ಡ್ ಅವರು. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಅವರನ್ನೇ ಶಂಕಿಸುತ್ತಿದೆ ಅಂತ ಕೆಲವೇ ದಿನಗಳಲ್ಲಿ ಸುದ್ದಿಯಾಯಿತು. ಶಂಕಿಸುತ್ತಿದ್ದದ್ದು ನಿಜವೇ! ತನಿಖೆಯ ಗುರಿ ಅವರಲ್ಲ ಅಂತ ಸರ್ಕಾರಿ ವಕೀಲರು ಅಕ್ಟೋಬರ್‌ನಲ್ಲಿ ಬರೆದುಕೊಟ್ಟರು. ಬಾಂಬ್ ಇಟ್ಟ ಎರಿಕ್ ರುಡಾಲ್ಫ್ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡದ್ದು 2005ರಲ್ಲಿ.

ಇನ್ನು ಸಮಾಜಕ್ಕಾ, ಸಂಸ್ಥೆಗಾ ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಹಿಡಿಸಲಿಲ್ಲ. ಸಮಾಜದ ಹೆಸರಲ್ಲಿ ಏನನ್ನು ಬೇಕಾದರೂ ಸಮರ್ಥಿಸಿಕೊಳ್ಳಬಹುದು. ‘ಜನರಿಗೆ ತಿಳಿಯುವ ಹಕ್ಕಿದೆ’ ಅಂತ ನಾನೂ ಹೇಳಿಕೊಂಡವನೇ. ಯಾರ ಹೆಸರು ಬರೆಯುತ್ತೀರೋ ಮೊದಲು ಅವರಿಗೆ ಫೋನ್ ಮಾಡಿ. ಎತ್ತದಿದ್ದರೆ ಮತ್ತೆ ಮಾಡಿ. ಅವರು ಹೇಳಿದ್ದನ್ನು ಕೊನೆಯ ಪ್ಯಾರಾಗೆ ತಳ್ಳಬೇಡಿ. ಅಧಿಕಾರದಲ್ಲಿ ಇರುವವರ ವಿಷಯ ಬೇರೆ, ಅವರ ಹೆಸರು ಬರಲೇಬೇಕು. ಆದರೆ ಆರೋಪಪಟ್ಟಿ ಸಲ್ಲಿಕೆಯಾಗುವವರೆಗೂ ಸಾಮಾನ್ಯ ಮನುಷ್ಯನ ಹೆಸರು ಬೇಡವೇ ಬೇಡ. ಇದು ಜಾಸ್ತಿ ಆಯ್ತು ಅನ್ನುವ ಸಹೋದ್ಯೋಗಿಗಳಿದ್ದಾರೆ, ನಾನು ಒಪ್ಪುವುದಿಲ್ಲ. ನಾವು ಬಿಟ್ಟರೆ ಇನ್ನೊಬ್ಬರು ಹಾಕುತ್ತಾರೆ ಅಂತ ಸುದ್ದಿ ತಿದ್ದಿ ಪುಟಕ್ಕೆ ಹಾಕುವ ಡೆಸ್ಕ್‌ನವರು ಒತ್ತಾಯಿಸುತ್ತಾರೆ. ಹಾಕಲಿ ಬಿಡಿ.