ಅಜ್ಜನ ಅಟ್ಟದ ಕಾಗದಪತ್ರ ಜೋಡಿಸುವ ಬಗ್ಗೆ

ಭಟ್ರೇ, ಸಾಗರದ ಮನೆಯಲ್ಲಿ ಅಜ್ಜನ ಪುಸ್ತಕ, ಯಕ್ಷಗಾನ ಪ್ರಸಂಗ, ಕಡತ, ಅಡಿಕೆ ಮಂಡಿಯ ಪತ್ರ ಎಲ್ಲ ಒಟ್ಟಿಗಿದೆ, ಗ್ರಂಥಾಲಯದಲ್ಲಿ ಪುಸ್ತಕಕ್ಕೆ ವಿಷಯವಾರು ಹಾಕುವ ಡ್ಯೂಯಿ ನಂಬರ್ ಹಾಕಿದರೆ ಸಾಕಾ ಅಂತ ಕೇಳಿದ್ದೀರಿ. ಅಚ್ಚಾದ ಪುಸ್ತಕಕ್ಕೆ ಸಾಕು. ಕನ್ನಡ ಸಾಹಿತ್ಯ 894.814, ಕರ್ನಾಟಕದ ಇತಿಹಾಸ 954.87, ಮನೆಯ ಕಪಾಟಿಗೆ ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಪತ್ರಗಳನ್ನು ಮಾತ್ರ ದಯವಿಟ್ಟು ವಿಷಯವಾರು ಬಿಡಿಸಬೇಡಿ. ಅಜ್ಜ ಹೇಗೆ ಕಟ್ಟಿಟ್ಟಿದ್ದರೋ ಹಾಗೇ ಇರಲಿ. ಮಂಡಿ ಪಟ್ಟಿಯ ಹಿಂದೆ ಸಾಲದ ಚೀಟಿ, ಅದರ ಹಿಂದೆ ಮದುವೆ ಖರ್ಚಿನ ಲೆಕ್ಕ ಇದ್ದರೆ, ಆ ವರ್ಷದ ಅಡಿಕೆ ದುಡ್ಡು ಎಲ್ಲಿಗೆ ಹೋಯಿತು ಅನ್ನೋದು ಆ ಅನುಕ್ರಮದಲ್ಲೇ ಇದೆ. ಕಟ್ಟಿಗೊಂದು ನಂಬರ್ ಕೊಡಿ, ಹಾಳೆಯ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ 7/1, 7/2 ಅಂತ ಬರೆಯಿರಿ. ಪೆನ್ನು ಬೇಡ, ಸ್ಟೇಪ್ಲರ್ ಬೇಡ.

ಪಿಎಚ್‌ಡಿ ಹುಡುಗಿ ಅಡಿಕೆಕಾಯಿ ಕೊಳೆತು ಉದುರುವ ಕೊಳೆರೋಗದ ಬಗ್ಗೆ ಕೇಳಿ ಬರಿಗೈಲಿ ಹೋದಳು, ಆಮೇಲೆ ನೋಡಿದರೆ ಪತ್ರಗಳಲ್ಲಿ ಅದೇ ರೋಗಕ್ಕೆ 'ಮಹಾಳಿ' ಅಂತಿತ್ತು ಅಂದಿರಲ್ಲ, ನಿಜವಾದ ಕೆಲಸ ಇರೋದು ಅಲ್ಲಿ. ಒಂದು ವಿಷಯಕ್ಕೆ ಒಂದೇ ಮುಖ್ಯ ಪದ ಗೊತ್ತುಮಾಡಿ. ಇಲ್ಲಿ ಕೊಳೆರೋಗ ಅಂತಲೇ ಇರಲಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೋಲ್ಮನ್ 1910ರಲ್ಲಿ ಬರೆದ ಇಂಗ್ಲಿಷ್ ವರದಿಯಲ್ಲೂ ಅದೇ ಹೆಸರಿದೆ. ಪಟ್ಟಿಯಲ್ಲಿ 'ಮಹಾಳಿ: ಕೊಳೆರೋಗ ನೋಡಿ' ಅಂತ ಒಂದು ಸಾಲು ಹಾಕಿ. ಕೊಳೆರೋಗದ ಎದುರಿಗೆ, ಅದು ಸೇರುವ ದೊಡ್ಡ ವಿಷಯ 'ಅಡಿಕೆ ರೋಗಗಳು', ಸಂಬಂಧಪಟ್ಟದ್ದು 'ಬೋರ್ಡೋ ದ್ರಾವಣ' (ರೋಗಕ್ಕೆ ಹೊಡೆಯುವ ಔಷಧಿ), 'ಕೊಟ್ಟೆ ಕಟ್ಟುವುದು' (ಮಳೆ ತಾಗದಂತೆ ಗೊನೆಗೆ ಹೊದಿಕೆ ಕಟ್ಟುವುದು) ಅಂತ ಬರೆಯಿರಿ. ಈ ಎಳೆ ಹಿಡಿದರೆ ಅವಳು ಕೇಳದೇ ಇದ್ದ ಪತ್ರವೂ ಅವಳ ಕೈಗೆ ಬರುತ್ತೆ.

ಊರಿನ ಹೆಸರಿಗೂ ಇದೇ ಕ್ರಮ. ಬಿದನೂರು 1763ರಲ್ಲಿ ಹೈದರನ ಕೈಸೇರಿ ಹೈದರ್‌ನಗರ ಆಯ್ತು, ಈಗ ಹೊಸನಗರ ತಾಲ್ಲೂಕಿನ ನಗರ. ಪತ್ರದಲ್ಲಿ ಇದ್ದಂತೆ ಒಂದು ಕಾಲಂ, ನೀವು ಗೊತ್ತುಮಾಡಿದ ಹೆಸರು ಇನ್ನೊಂದು ಕಾಲಂ. ಮೂಲವನ್ನು ತಿದ್ದಬೇಡಿ.

ತಾರೀಕಿಗೂ ಎರಡು ಕಾಲಂ ಬೇಕು. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತೆ, ಬರೀ 'ವಿಕಾರಿ ಸಂವತ್ಸರ' ಅಂತಿದ್ದರೆ ಅದು 1899–1900 ಆಗಬಹುದು, 1959–60 ಕೂಡ ಆಗಬಹುದು. ಅಂಚೆ ಕಾರ್ಡಿನ ಮೇಲೆ ವಿಕ್ಟೋರಿಯಾ ರಾಣಿಯ ತಲೆ ಇದ್ದರೆ ಮೊದಲನೆಯದೇ ಅಂತ ಧೈರ್ಯವಾಗಿ ಬರೆದು, ಕಾರಣವನ್ನೂ ಪಕ್ಕದಲ್ಲಿ ಹಾಕಿ. ಶಕವರ್ಷ ಕೊಟ್ಟಿದ್ದರೆ ಇಸವಿಗಾಗಿ 78 ಕೂಡಿಸಿ, ವರ್ಷದ ಕೊನೆ ತಿಂಗಳುಗಳಿಗೆ 79.

ವಿಷಯದ ಕಾಲಂ ತುಂಬಲು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ದಾರಿಯೇ ನನಗೆ ಇಷ್ಟ. 1933ರ ಕೋಲನ್ ವರ್ಗೀಕರಣದಲ್ಲಿ ಅವರು ಒಂದು ವಿಷಯವನ್ನು ಅಂಗಗಳಾಗಿ ಬಿಡಿಸಿ ಜೋಡಿಸಿದರು. ಪೂರ್ತಿ ಪದ್ಧತಿ ನಮಗೆ ಬೇಡ, 'ಅಡಿಕೆ : ಕೊಳೆರೋಗ : ಸಾಗರ : 1899–1900' ಅಂತ ಬರೆದರೂ ಬೆಳೆಯಿಂದ, ರೋಗದಿಂದ, ಊರಿನಿಂದ, ಕಾಲದಿಂದ ನಾಲ್ಕೂ ಕಡೆಯಿಂದ ಹುಡುಕಬಹುದು.

ಎಲ್ಲವನ್ನೂ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. 'ನುಡಿ' ತಂತ್ರಾಂಶದ ಹಳೇ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟಿನಲ್ಲಿ ಮಾಡಿದ ಪಟ್ಟಿಯಲ್ಲಿ ಕನ್ನಡ ಪದ ಕೊಟ್ಟು ಹುಡುಕಿದರೆ ಏನೂ ಸಿಗಲ್ಲ. ಸದ್ಯಕ್ಕೆ ಎಕ್ಸೆಲ್ ಸಾಕು, ಗ್ರಂಥಾಲಯಗಳು ಬಳಸುವ ಕೋಹಾ ತಂತ್ರಾಂಶ ಆಮೇಲೆ ನೋಡೋಣ.

ತಾಳೆಗರಿ ಕಟ್ಟು ಸಿಕ್ಕಿದರೆ ಬಲವಂತವಾಗಿ ಬಿಡಿಸಬೇಡಿ, ಎಣ್ಣೆಯನ್ನೂ ಹಚ್ಚಬೇಡಿ. ಕೆಳದಿ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಗಳ ಸಂಗ್ರಹವೇ ಇದೆ, ಅಲ್ಲಿ ಕೇಳಿ. ಮೊದಲು ಮಂಡಿ ಪತ್ರದ ಕಟ್ಟುಗಳ ಪಟ್ಟಿ ಮಾಡಿ, ಅರ್ಧ ಆಗಿದ್ದರೂ ಆ ಹುಡುಗಿಗೆ ಕಳಿಸಿ. ಅವಳ ಪ್ರಬಂಧ ಮುಗಿಯೋದರೊಳಗೆ ಅದು ಅವಳಿಗೆ ಸಿಗಬೇಕು.